ಒಳಮನೆಯ ಕಾವ್ಯ

ಸ್ತ್ರೀಯರು ಕಟ್ಟಿದ ಕವಿತೆಗಳನ್ನು ಕುರಿತು ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು ಪಕ್ಷದವರು, ಈ ಕವಿತೆಗಳು ಮನೆಯ ಹೊಸ್ತಿಲನ್ನು ದಾಟುವದಿಲ್ಲ. ತಾಯಿ, ಮಗು, ಒಲೆ, ಮುಪ್ಪು, ಅಗಲಿದವರ ನೆನಪು, ಇಷ್ಟರಲ್ಲಿಯೇ ಸುತ್ತುತ್ತವೆ. ಲೋಕದ ದೊಡ್ಡ ವಿಷಯಗಳು ಇವುಗಳಿಗೆ ಎಟುಕವು ಎನ್ನುವರು. ಇನ್ನೊಂದು ಪಕ್ಷದವರು ಅವೇ ವಿಷಯಗಳನ್ನು ಕಂಡು ಕಣ್ಣು ಒದ್ದೆ ಮಾಡಿಕೊಂಡು, ತಾಯಿಯ ಹೃದಯಕ್ಕಿಂತ ಹೆಚ್ಚಿನ ಕಾವ್ಯವೆಲ್ಲಿ ಉಂಟೆಂದು ಕೈಮುಗಿಯುವರು. ಮೊದಲನೆಯದು ತಿರಸ್ಕಾರ, ಎರಡನೆಯದು ಆದರ. ಆದರೆ ವಿಮರ್ಶೆಯ ದೃಷ್ಟಿಯಿಂದ ಎರಡರಲ್ಲಿಯೂ ಇರುವ ದೋಷ ಒಂದೇ. ಇಬ್ಬರೂ ಕವಿತೆಯ ವಿಷಯವನ್ನು ಕಂಡು ತೀರ್ಪು ಕೊಡುವರು. ಕವಿತೆಯನ್ನು ಓದುವದಕ್ಕೆ ಇಬ್ಬರಿಗೂ ಬಿಡುವಿಲ್ಲ.

ಹಾಗಾದರೆ ಕುಟುಂಬ, ಮುಪ್ಪು, ಅಗಲಿಕೆ, ದಿನನಿತ್ಯದ ಬೆರಗು ಇವುಗಳನ್ನು ಕುರಿತ ಪದ್ಯವು ಯಾವಾಗ ಗಟ್ಟಿಕಾಳಾಗುತ್ತದೆ, ಯಾವಾಗ ಜಾಳಾಗುತ್ತದೆ? ಇದನ್ನು ತೂಗುವ ತಕ್ಕಡಿ ಯಾವದು? ಈ ಲೇಖನದ ವಿಚಾರ ಇಷ್ಟೇ. ತಕ್ಕಡಿಯನ್ನು ಪರದೇಶದಿಂದ ತರಿಸಬೇಕಾಗಿಲ್ಲ. ನಮ್ಮ ಸೀಮೆಯ ಹೆಣ್ಣುಮಕ್ಕಳು ತಾವೇ ಅದನ್ನು ಮಾಡಿ ಇಟ್ಟಿದ್ದಾರೆಂದು ತೋರಿಸುವದು ನಮ್ಮ ಉದ್ದೇಶ.

ಈ ಪ್ರಶ್ನೆಯು ಕಲಬುರಗಿಯವರಾದ ನಮಗೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. 1948ನೆಯ ಇಸವಿಯ ಸಪ್ಟಂಬರ ತಿಂಗಳವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ವಿದ್ಯೆ ಬೇಕಾದವನು, ನೌಕರಿ ಬೇಕಾದವನು, ದಾವೆ ಹೂಡುವವನು, ಎಲ್ಲರೂ ಕನ್ನಡವನ್ನು ಮನೆಯಲ್ಲಿ ಬಿಟ್ಟು ಹೊರಗೆ ಹೋಗಬೇಕಾಗಿತ್ತು. ಹೀಗೆ ಬಿಟ್ಟುಹೋದ ಕನ್ನಡವನ್ನು ಕಾದವರು ಯಾರು? ಮಠಗಳಲ್ಲಿ ಪುರಾಣ ಹೇಳಿದವರು ಕಾದರು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿ ಹಿಡಿದು ಹಾಡಿದವರು ಕಾದರು. ಇವರ ಉಪಕಾರವನ್ನು ನಾವು ಆಗಾಗ ನೆನೆಯುತ್ತೇವೆ. ಬೆಳಗಿನ ಜಾವಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕುಳಿತು, ಜೋಳ ಬೀಸುತ್ತ ಹಾಡಿದ ಹೆಣ್ಣುಮಕ್ಕಳೂ ಕಾದರೆಂಬದನ್ನು ಅಷ್ಟಾಗಿ ನೆನೆಯುವದಿಲ್ಲ. ಅವರ ಹಾಡಿಗೆ ಸರಕಾರದ ಅಪ್ಪಣೆ ಬೇಕಾಗಿರಲಿಲ್ಲ. ಶಾಲೆಯ ಪುಸ್ತಕವೂ ಬೇಕಾಗಿರಲಿಲ್ಲ. ಎಲ್ಲಿಯವರೆಗೆ ಮನೆಯಲ್ಲಿ ರೊಟ್ಟಿಗೆ ಹಿಟ್ಟು ಬೇಕಾಗಿತ್ತೋ ಅಲ್ಲಿಯವರೆಗೆ ಹಾಡೂ ಇತ್ತು.

ನಮ್ಮ ಊರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಾಲ್ಕು ಸಾರೆ ನೆರೆದಿದೆ. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು, 1949ರಲ್ಲಿ ಉತ್ತಂಗಿ ಚನ್ನಪ್ಪನವರು, 1987ರಲ್ಲಿ ಸಿದ್ಧಯ್ಯ ಪುರಾಣಿಕರು, 2020ರಲ್ಲಿ ಎಚ್. ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷಪೀಠವನ್ನು ಅಲಂಕರಿಸಿದರು. ನಾಲ್ವರೂ ಪೂಜ್ಯರು. ಆದರೆ ನಾಲ್ಕು ಸಮ್ಮೇಳನಗಳ ಪೀಠದ ಮೇಲೆಯೂ ಹೆಣ್ಣುಮಗಳೊಬ್ಬಳು ಕುಳಿತಿಲ್ಲವೆಂಬದನ್ನು, ದೂರೆಂದಲ್ಲ, ಲೆಕ್ಕವೆಂದು ಇಲ್ಲಿ ಹೇಳಬಹುದು.

ಬೀಸುಕಲ್ಲಿನ ಹಾಡು ಈ ಸೀಮೆಯಲ್ಲಿ ಒಂದೇ ಭಾಷೆಯ ಸೊತ್ತಾಗಿರಲಿಲ್ಲ. ದಖನಿ ಭಾಷೆಯಲ್ಲಿ 'ಚಕ್ಕಿನಾಮಾ' ಎಂಬದೊಂದು ಕಾವ್ಯಪ್ರಕಾರವುಂಟು. ಬಿಜಾಪುರದ ಸೂಫಿ ಸಂತರು ಬೀಸುವ ಹೆಂಗಸರ ಬಾಯಿಗೆಂದು, ಕಲ್ಲಿನ ಸುತ್ತಿಗೆ ಹೊಂದುವಂತೆ, ದೇವಸ್ಮರಣೆಯ ಪದಗಳನ್ನು ಕಟ್ಟಿಕೊಟ್ಟರು. ರಾಟೆಗೆಂದು ಕಟ್ಟಿದವುಗಳಿಗೆ 'ಚರಖಾನಾಮಾ' ಎಂದು ಹೆಸರು. ಸಂಪ್ರದಾಯವು ಇಂಥ ಪದಗಳನ್ನು ನಮ್ಮ ಊರಿನ ಖ್ವಾಜಾ ಬಂದೇನವಾಜರ ಹೆಸರಿಗೂ ಸೇರಿಸುತ್ತದೆ. ಪಡುವಲಿಗೆ ಹೋದರೆ ಮರಾಠಿ ಹೆಂಗಸರ ಓವಿಗಳು. ಪುಣೆಯ ಸಂಶೋಧಕರಾದ ಹೇಮಾ ರಾಯಿರಕರ ಮತ್ತು ಗೀ ಪಾತ್ವಾಂ ಇವರ ಮುಂದಾಳುತನದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳು ಸಂಗ್ರಹವಾಗಿವೆ. ಒಂದೇ ಕೆಲಸ, ಒಂದೇ ಹೊತ್ತು, ಮೂರು ಭಾಷೆಗಳು. ಧರ್ಮಭೇದ, ಭಾಷಾಭೇದಗಳನ್ನು ಕುರಿತು ಹೊರಗಿನ ಲೋಕವು ಜಗಳವಾಡುತ್ತಿದ್ದಾಗ ಒಳಮನೆಗಳಲ್ಲಿ ಈ ಸಾಮ್ಯವು ತಾನಾಗಿ ಇತ್ತು. ಹೊಸ್ತಿಲು ದಾಟದ ಕಾವ್ಯವು ಸಂಕುಚಿತವೆಂದು ಹೇಳುವವರು ಇದನ್ನು ಮೊದಲು ವಿಚಾರಿಸತಕ್ಕದ್ದು.

ಕನ್ನಡದ ಈ ಹಾಡುಗಳು ಅಚ್ಚಿನ ಬೆಳಕನ್ನು ಕಂಡದ್ದು ಹಲಸಂಗಿಯ ಗೆಳೆಯರಿಂದ. ಭೀಮೆಯ ಸೀಮೆಯ, ಅಂದು ಇಂಡಿ ತಾಲೂಕಿನಲ್ಲಿದ್ದ ಈ ಚಿಕ್ಕ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು ತಮ್ಮ ತಾಯಂದಿರ, ಅಕ್ಕತಂಗಿಯರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ವಿದ್ಯಾವಂತರು ಹಳ್ಳಿಯ ಹಾಡೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಮಾಡಿದ ಈ ಕೆಲಸಕ್ಕೆ ಕನ್ನಡವು ಎಂದಿಗೂ ಋಣಿಯಾಗಿರುವದು. ಹೊಸಗನ್ನಡದ ಭಾವಗೀತೆಯು ತನ್ನ ಧಾಟಿಯನ್ನೂ ನುಡಿಯ ತಿರುವನ್ನೂ ಈ ಬಗೆಯ ಹಾಡುಗಳಿಂದ ಎಷ್ಟು ಪಡೆಯಿತೆಂಬದನ್ನು ಬೇಂದ್ರೆಯವರ ಕವಿತೆಗಳನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಋಣವನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. 'ಗರತಿ' ಎಂಬ ಹೆಸರು ಸುಂದರವಾದದ್ದು. ಆದರೆ ಅದು ಓದುಗನ ಕಣ್ಣಿಗೆ ಮೊದಲೇ ಒಂದು ಕನ್ನಡಕವನ್ನು ಹಾಕುತ್ತದೆ. ಗರತಿ ಎಂದ ಕೂಡಲೆ ನಾವು ಸದ್ಗುಣವನ್ನು ಹುಡುಕುತ್ತೇವೆ. ತಾಳ್ಮೆ, ಪತಿಭಕ್ತಿ, ತವರಿನ ಮೇಲಿನ ಮಮತೆ ಇವು ಸಿಕ್ಕಿದರೆ ಸಂತೋಷಪಟ್ಟು ಪುಸ್ತಕವನ್ನು ಮುಚ್ಚುತ್ತೇವೆ. ಬೀಸುವ ಹಾಡಿನ ಸಂಪ್ರದಾಯದಲ್ಲಿ ಸಿಟ್ಟೂ ಉಂಟು, ಅಣಕವೂ ಉಂಟು, ಸವತಿಯ ಮೇಲಿನ ಕುದಿಯೂ ಉಂಟು, ಅತ್ತೆಯ ಮನೆಯ ಲೆಕ್ಕಾಚಾರವೂ ಉಂಟು. ಇದಲ್ಲದೆ ಗಂಡನನ್ನು ಕಳೆದುಕೊಂಡವಳು ಮಂಗಲಕಾರ್ಯದಲ್ಲಿ ಮುಂದೆ ನಿಂತು ಹಾಡುವಂತಿರಲಿಲ್ಲ. ಬೀಸುಕಲ್ಲು ಮಾತ್ರ ಅವಳನ್ನು ಬೇಡವೆನ್ನಲಿಲ್ಲ. ಗರತಿ ಎಂಬ ಒಂದೇ ಹೆಸರಿನ ಕೆಳಗೆ ಇವರೆಲ್ಲರ ಬೇರೆ ಬೇರೆ ದನಿಗಳು ಒಂದಾಗಿಬಿಟ್ಟವು. ಹೊಗಳಿಕೆಯಿಂದಲೂ ಕವಿಗೆ ನಷ್ಟವಾಗಬಹುದೆಂಬದಕ್ಕೆ ಇದೊಂದು ಉದಾಹರಣೆ.

ಈಗ ಹಾಡಿನ ಕಟ್ಟನ್ನು ನೋಡುವಾ. ತ್ರಿಪದಿಯು ಕನ್ನಡದ ಅತಿ ಹಳೆಯ ಛಂದಸ್ಸುಗಳಲ್ಲೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ನೆಯ ಇಸವಿಯಷ್ಟು ಹಿಂದೆ, ಅದು ಪೂರ್ಣರೂಪದಲ್ಲಿ ಕಾಣಿಸಿಕೊಂಡಿದೆ. ಮೂರು ಸಾಲು, ಹನ್ನೊಂದು ಗಣ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು. ಕೊನೆಯ ಸಾಲಿನಲ್ಲಿ ಮೂರೇ. ಆರನೆಯ ಮತ್ತು ಹತ್ತನೆಯ ಸ್ಥಾನಗಳಲ್ಲಿ ಬ್ರಹ್ಮಗಣ, ಉಳಿದೆಡೆ ವಿಷ್ಣುಗಣ. ಲಾಕ್ಷಣಿಕರು ಇಷ್ಟು ಹೇಳಿ ನಿಲ್ಲುವರು. ಆದರೆ ಕೊನೆಯ ಸಾಲು ಒಂದು ಗಣ ಕಡಿಮೆ ಇರುವದರ ಫಲವನ್ನು ಹಾಡಿದವರು ಚೆನ್ನಾಗಿ ಬಲ್ಲರು. ಎರಡು ಸಾಲುಗಳಲ್ಲಿ ಮನೆಯ ಒಂದು ಸಂಗತಿಯನ್ನು ಮುಂದಿಟ್ಟ ಮೇಲೆ, ಹೇಳಬೇಕಾದ ಮುಖ್ಯ ಮಾತಿಗೆ ಉಳಿಯುವ ಜಾಗ ಇನ್ನೂ ಚಿಕ್ಕದು. ಅಷ್ಟರಲ್ಲಿ ಅಳುವದಕ್ಕೆ ಸ್ಥಳವಿಲ್ಲ, ಉಪದೇಶಕ್ಕೆ ಸ್ಥಳವಿಲ್ಲ. ಒಂದು ವಸ್ತುವನ್ನು ತೋರಿಸಿ ಸುಮ್ಮನಾಗಬೇಕು. ಕಲ್ಲು ಮುಂದಿನ ಸುತ್ತಿಗೆ ಹೊರಳಿಬಿಡುತ್ತದೆ. ಕೈ ಮುಂದಿನ ಹಿಡಿ ಕಾಳನ್ನು ಹಾಕುತ್ತದೆ.

ನಾವು ಹುಡುಕುತ್ತಿದ್ದ ತಕ್ಕಡಿ ಇದು. ಮನೆಯನ್ನು ಕುರಿತ ಕವಿತೆಯು ದುಃಖವನ್ನು ಹೆಸರಿಸುತ್ತದೆಯೋ, ದುಃಖವು ಕುಳಿತಿರುವ ಸ್ಥಳವನ್ನು ತೋರಿಸುತ್ತದೆಯೋ? 'ನನಗೆ ಬಹಳ ಸಂಕಟವಾಯಿತು' ಎಂದರೆ ಅದು ಸುದ್ದಿ. ಗೂಟದ ಮೇಲೆ ಇನ್ನೂ ತೂಗುತ್ತಿರುವ ಸೆರಗು ಹರಿದ ಸೀರೆಯನ್ನು ತೋರಿಸಿದರೆ ಓದುಗನು ತಾನೇ ಅಲ್ಲಿಗೆ ಹೋಗಿ ನಿಲ್ಲುವನು. ಮೊದಲನೆಯದರಲ್ಲಿ ಕವಿಯ ಮಾತನ್ನು ನಂಬಬೇಕಾಗುತ್ತದೆ; ಎರಡನೆಯದರಲ್ಲಿ ನಂಬಿಕೆಯ ಪ್ರಶ್ನೆಯೇ ಏಳುವದಿಲ್ಲ.

ಹನ್ನೆರಡನೆಯ ಶತಮಾನದ ಶರಣೆಯರನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಬಹುದು. ಅಕ್ಕಮಹಾದೇವಿ ಮನೆಯನ್ನೇ ಬಿಟ್ಟು ನಡೆದವಳು. ಅವಳ ಮಾತು ಬೇರೆ. ಆದರೆ ಕಲ್ಯಾಣದ ಬೀದಿಗಳಲ್ಲಿ ಸಂಸಾರ ಮಾಡಿಕೊಂಡಿದ್ದ ಶರಣೆಯರೂ ವಚನ ಬರೆದರು. ನೂಲುವ ಕಾಯಕದ ಕದಿರ ರೆಮ್ಮವ್ವೆಯು ತನ್ನ ರಾಟೆಯ ಅಂಗಾಂಗಗಳನ್ನು ಬ್ರಹ್ಮ, ವಿಷ್ಣು, ರುದ್ರರಿಗೆ ಹೋಲಿಸಿದಳು. ಹೋಲಿಕೆಯು ತತ್ತ್ವಕ್ಕಾಗಿ ಬಂದದ್ದಾದರೂ, ರಾಟೆಯ ಮುಂದೆ ದಿನಗಟ್ಟಲೆ ಕೂತವಳಿಗಲ್ಲದೆ ಅದರ ಭಾಗಗಳು ಆ ಕ್ರಮದಲ್ಲಿ ನೆನಪಿಗೆ ಬರುವದಿಲ್ಲ. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ತಿರುಗಿ ಸುರಿದು ಬರಲು ಹೇಳಿದವಳು. ಆಸೆಯ ಸ್ವರೂಪವನ್ನು ಕುರಿತ ಇಷ್ಟು ದೊಡ್ಡ ವಿಚಾರವು ಒಂದು ಹೊತ್ತಿನ ಅಕ್ಕಿಯ ಅಳತೆಯಿಂದ ಹುಟ್ಟಿತು. ಆ ಅಳತೆಯನ್ನು ಬಲ್ಲವಳು ಅಡುಗೆ ಮಾಡುವವಳೇ. ಮನೆಯ ಒಳಗಿನ ಅನುಭವವು ಸಣ್ಣದೆನ್ನುವವರಿಗೆ ಲಕ್ಕಮ್ಮನು ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾಳೆ.

ಇನ್ನು ಮುಪ್ಪು ಮತ್ತು ಅಗಲಿಕೆ. ಗಂಡುಕವಿಗಳು ಮುಪ್ಪನ್ನು ವರ್ಣಿಸುವಾಗ ನರೆತ ಕೂದಲು, ಬಿದ್ದ ಹಲ್ಲು, ಕೈಯ ಕೋಲು ಇವುಗಳನ್ನು ಎಣಿಸುವದು ಹಳೆಯ ರೂಢಿ. ಹೆಣ್ಣುಮಕ್ಕಳ ಹಾಡಿನಲ್ಲಿ ವಯಸ್ಸನ್ನು ಅಳೆಯುವ ಗಡಿಯಾರವು ತವರುಮನೆ. ಮದುವೆಯಾಗಿ ಹೋದವಳಿಗೆ ತವರು ಮೊದಲು ತಾಯಿಯ ಮಡಿಲು. ತಾಯಿ ಸತ್ತ ಮೇಲೆ ಅಣ್ಣನ ಅಂಗಳ. ಅಣ್ಣನ ಬಳಿಕ ಅತ್ತಿಗೆಯ ಮುಖದ ಬಣ್ಣ. ಕೊನೆಗೆ ದಾರಿಯಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಊರು. ಪಂಚಮಿಗೆ ಕರೆಯಲು ಬರುವವರು ಯಾರು ಎಂಬ ಒಂದೇ ಪ್ರಶ್ನೆಯಲ್ಲಿ ಒಬ್ಬಳ ಐವತ್ತು ವರ್ಷಗಳ ಲೆಕ್ಕವು ಸೇರಿರುತ್ತದೆ. ಈ ಕಾರಣದಿಂದಲೇ ನಮ್ಮ ಹಾಡುಗಳಲ್ಲಿ ತವರು ಇಷ್ಟು ಸಾರೆ ಬರುತ್ತದೆ. ಅದನ್ನು ಹೆಣ್ಣಿನ ಮೃದುಸ್ವಭಾವವೆಂದು ತಿಳಿಯುವವರು ಸ್ವಲ್ಪ ಮೇಲಕ್ಕೇ ಓದಿದವರು. ಆಸ್ತಿಯ ಪಾಲಿಲ್ಲದ, ಮರಳಿ ಬರುವ ಹಕ್ಕಿಲ್ಲದ ಮನೆಯೊಂದನ್ನು ತನ್ನದೆಂದು ಕರೆಯಬೇಕಾದವಳ ಮಾತು ಅದು. ಮಮತೆಯ ಕೆಳಗೆ ಈ ಕಠಿಣವಾದ ಅರಿವು ಇಲ್ಲದಿದ್ದರೆ ಆ ಹಾಡುಗಳು ಇಷ್ಟು ಕಾಲ ಬಾಳುತ್ತಿರಲಿಲ್ಲ.

ನೆರೆಯ ಖಾನದೇಶದ ಬಹಿಣಾಬಾಯಿ ಚೌಧರಿಯವರನ್ನು (1880-1951) ಇಲ್ಲಿ ನೆನೆಯಬೇಕು. ಅಕ್ಷರ ಬಾರದ ಒಕ್ಕಲಗಿತ್ತಿ. ಯೌವನದಲ್ಲಿಯೇ ಗಂಡನನ್ನು ಕಳೆದುಕೊಂಡವರು. ಬೀಸುತ್ತ, ಹೊಲದಲ್ಲಿ ದುಡಿಯುತ್ತ, ತಮ್ಮ ಊರಿನ ಆಡುಮಾತಿನಲ್ಲಿಯೇ ಪದ ಕಟ್ಟಿದರು. ಕವಿಯಾಗಿದ್ದ ಮಗ ಸೋಪಾನದೇವರು ಅವುಗಳನ್ನು ಬರೆದಿಟ್ಟದ್ದರಿಂದ, ಆಚಾರ್ಯ ಅತ್ರೆಯವರ ಪ್ರೋತ್ಸಾಹದಿಂದ, 1952ರಲ್ಲಿ ಪುಸ್ತಕವು ಹೊರಬಂದಿತು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಇಂದು ಜಳಗಾವಿಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರೇ ಇದೆ. ನಮ್ಮ ಭೀಮಾತೀರದಲ್ಲಿ ಅಂಥವರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಬರೆದಿಟ್ಟ ಮಗನೊಬ್ಬನು ಇರಲಿಲ್ಲ, ಅಷ್ಟೇ ಭೇದ.

ದೂರದ ಪೋಲಂಡ ದೇಶದ ವಿಸ್ವಾವಾ ಶಿಂಬೋರ್ಸ್ಕಾ (1923-2012) ಎಂಬ ಕವಯಿತ್ರಿಗೆ 1996ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆಕೆಯ ಬಹು ಪ್ರಸಿದ್ಧವಾದ ಕವಿತೆಗಳಲ್ಲೊಂದರಲ್ಲಿ ಸಾವನ್ನು ನೋಡುವದು ಮನೆಯಲ್ಲಿ ಒಂಟಿಯಾಗಿ ಉಳಿದ ಬೆಕ್ಕು. ಸತ್ತವರ ಗುಣಗಾನವಿಲ್ಲ, ಮನೆಯ ದಿನಚರಿಯಲ್ಲಿ ಆದ ವ್ಯತ್ಯಾಸವೇ ಅಲ್ಲಿಯ ವಸ್ತು. ಓದು ಬಾರದ ಖಾನದೇಶದ ತಾಯಿಗೂ ಯುರೋಪಿನ ಪಂಡಿತೆಗೂ ಯಾವ ಸಂಬಂಧ? ಇಬ್ಬರೂ ನೋವನ್ನು ಮನೆಯ ಪದಾರ್ಥಗಳ ಬಾಯಿಂದ ಹೇಳಿಸಬಲ್ಲರು. ದಿನನಿತ್ಯದ ಬೆರಗು ಎಂದು ನಾವು ಕರೆಯುವದು ಇದನ್ನೇ. ಹೂವು, ಬೆಳದಿಂಗಳು, ಮಳೆಬಿಲ್ಲು ಕಂಡು ಬೆರಗಾಗುವದಕ್ಕೆ ಕವಿಯೇ ಬೇಕಾಗಿಲ್ಲ. ಸಾವಿರ ಸಾರೆ ತಟ್ಟಿದ ರೊಟ್ಟಿಯು ಸಾವಿರದ ಒಂದನೆಯ ಸಾರೆಗೂ ಹಂಚಿನ ಮೇಲೆ ಉಬ್ಬಿದಾಗ ಅದನ್ನು ಮತ್ತೆ ಕಾಣಬಲ್ಲವಳಿಗೆ ಆ ಹೆಸರು ಸಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರುವದು ಸಹಜ. 'ಮನೆಯ ಕವಿತೆಯನ್ನು ಹೀಗೆ ಎತ್ತಿ ಹಿಡಿದರೆ ಹೆಣ್ಣನ್ನು ಮನೆಯಲ್ಲಿಯೇ ಕೂಡಿಸಿದಂತೆ ಆಗುವದಿಲ್ಲವೆ?' ಎಂದು ವಿಚಾರವಂತರು ಕೇಳುವರು. ಆಕ್ಷೇಪವು ಹಗುರವಾದದ್ದಲ್ಲ. ಆದರೆ ಮನೆಯನ್ನು ಕುರಿತು ಬರೆಯುವದು ಬೇರೆ, ಮನೆಯ ಕಟ್ಟಳೆಯನ್ನು ಒಪ್ಪುವದು ಬೇರೆ. ಹದಿನೇಳನೆಯ ಶತಮಾನದ ಮೈಸೂರಿನಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗದಲ್ಲಿದ್ದ ಸಂಚಿ ಹೊನ್ನಮ್ಮನು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು. ಪತಿವ್ರತೆಯ ಕರ್ತವ್ಯಗಳನ್ನು ಹೇಳುವದೇ ಆ ಗ್ರಂಥದ ಉದ್ದೇಶ. ಹಾಗಿದ್ದರೂ ಹೆಣ್ಣು ಹುಟ್ಟಿತೆಂದು ಹೀಯಾಳಿಸುವವರನ್ನು ನೇರವಾಗಿ ಪ್ರಶ್ನಿಸುವ ಮಾತು ಅದರ ನಡುವೆಯೇ ನಿಂತಿದೆ. ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವದು ಆ ಮಾತೇ. ನಮ್ಮ ಕಾಲದಲ್ಲಿ ಕುಂದಾಪುರದ ಕಡೆಯ ವೈದೇಹಿಯವರು 'ಬಿಂದು ಬಿಂದಿಗೆ' ಮೊದಲಾದ ಸಂಕಲನಗಳಲ್ಲಿ ಅಡುಗೆಮನೆಯನ್ನೇ ವಿಚಾರದ ಪೀಠವನ್ನಾಗಿ ಮಾಡಿಕೊಂಡರು. ಅಲ್ಲಿ ಕುಳಿತು ಅವರು ಹೊರಗಿನ ಲೋಕಕ್ಕೆ ಹಾಕಿದ ಪ್ರಶ್ನೆಗಳು ಹೊರಗಿನವರಿಗೆ ಸುಲಭವಾಗಿ ಉತ್ತರಿಸುವಂಥವಲ್ಲ. ಒಳಗಿದ್ದವಳಿಗೆ ಗೋಡೆಯ ದಪ್ಪವು ಚೆನ್ನಾಗಿ ಗೊತ್ತಿರುತ್ತದೆ.

ಈಗ ಇಂದಿನ ದಿನಗಳಲ್ಲಿ ನಮ್ಮ ಸುತ್ತಲೂ ಪ್ರಕಟವಾಗುತ್ತಿರುವ ಕವಿತೆಗಳ ಕಡೆಗೆ ಬರೋಣ. ಹೆಸರುಗಳನ್ನು ಎತ್ತುವದು ಇಲ್ಲಿ ಬೇಕಾಗಿಲ್ಲ. ದೋಷವು ಹಲವರಿಗೆ ಸಮಾನವಾದದ್ದು. ತಾಯಿಯನ್ನು ಕುರಿತ ಪದ್ಯವಿಲ್ಲದ ಸಂಕಲನವು ಈಗ ಅಪರೂಪ. ಅವುಗಳಲ್ಲಿ ಬಹುತೇಕವುಗಳಲ್ಲಿ ತಾಯಿ ದೇವತೆ, ತ್ಯಾಗಮಯಿ, ಕ್ಷಮೆಯ ಭೂಮಿ. ಅವಳಿಗೆ ಏನು ಊಟ ಇಷ್ಟವಾಗಿತ್ತು, ಯಾರ ಮೇಲೆ ಅವಳಿಗೆ ಸಿಟ್ಟಿತ್ತು, ನಕ್ಕರೆ ಹೇಗೆ ನಗುತ್ತಿದ್ದಳು, ಏನನ್ನು ಬಯಸಿ ಪಡೆಯದೆ ಹೋದಳು ಎಂಬದು ಹತ್ತು ಪದ್ಯಗಳನ್ನು ಓದಿದರೂ ತಿಳಿಯದು. ಮುದುಕಿಯಾದವಳು ಅನುಕಂಪಕ್ಕೆ ಗುರಿಯಾಗುವಳೇ ಹೊರತು ಮಾತನಾಡುವವಳಾಗುವದಿಲ್ಲ. ಗುಡಿಯೊಳಗೆ ಕೂಡ್ರಿಸಿದ ಮೇಲೆ ಅವಳನ್ನು ಏನೂ ಕೇಳಬೇಕಾಗಿಲ್ಲವಷ್ಟೆ! ಬೀಸುಕಲ್ಲಿನ ಹಾಡುಗಾರ್ತಿಯು ಇಂಥ ಪದ್ಯವನ್ನು ಎರಡನೆಯ ಸಾಲಿನಲ್ಲಿಯೇ ಬಿಟ್ಟುಬಿಡುತ್ತಿದ್ದಳು.

ಇನ್ನೊಂದು ದೋಷ ಭಾಷೆಯದು. ಮನೆಯಲ್ಲಿ ಯವ್ವಾ ಎಂದು ಕರೆಯುವವರು ಪದ್ಯದಲ್ಲಿ ಮಾತೆ ಎನ್ನುವರು. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಯ ಕಟ್ಟಿಗೆಯ ಉರಿ ಇವುಗಳ ನಡುವೆ ಬೆಳೆದವರು ಪದ್ಯಕ್ಕೆ ಬರುವಾಗ ಮಾತ್ರ ಮಲೆನಾಡಿನ ಮಂಜನ್ನೂ ತಂಪನ್ನೂ ಎರವಲು ತರುವರು. ನಮ್ಮ ಊರಿನ ಗೀತಾ ನಾಗಭೂಷಣರು ಗದ್ಯದಲ್ಲಿ ಈ ಸಂಕೋಚವನ್ನು ಮುರಿದರು. ಈ ಸೀಮೆಯ ಬಡಹೆಣ್ಣುಮಕ್ಕಳ ಬಾಯಿಮಾತನ್ನೇ ಕಾದಂಬರಿಯ ಭಾಷೆಯನ್ನಾಗಿ ಮಾಡಿದ ಅವರ 'ಬದುಕು' ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2010ರಲ್ಲಿ ಗದಗಿನ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಪದ್ಯದಲ್ಲಿ ದಾರಿ ತೋರಿದವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು (1912-1986). ಮರಾಠಿಯಲ್ಲಿ ಶಿಕ್ಷಣ ಪಡೆದು, ಕನ್ನಡವನ್ನು ತಾವಾಗಿ ಕಲಿತ ಈ ತಾಯಿ, ಸಿದ್ಧರಾಮನ ಚರಿತ್ರೆಯನ್ನು ಮಹಾಕಾವ್ಯವಾಗಿ ಬರೆಯಲು ಕೈಗೆತ್ತಿಕೊಂಡದ್ದು ಷಟ್ಪದಿಯನ್ನಲ್ಲ, ಹೆಂಗಸರ ತ್ರಿಪದಿಯನ್ನು. 1974ರ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲನೆಯ ಮಹಿಳೆಯೆನಿಸಿದರು. ಬೀಸುಕಲ್ಲಿನ ಛಂದಸ್ಸು ಮಹಾಕಾವ್ಯದ ಭಾರವನ್ನು ಹೊರಬಲ್ಲದೆಂದು ನಂಬುವದಕ್ಕೆ ಧೈರ್ಯ ಬೇಕು. ಆ ಧೈರ್ಯದ ಮುಂದೆ ನಮ್ಮ ಎರವಲು ಮಂಜು ನಾಚಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಬೀಸುಕಲ್ಲಿಗೆ ಮರಳಿರೆಂದು ನಾವು ಯಾರಿಗೂ ಹೇಳುವದಿಲ್ಲ. ಗಿರಣಿ ಬಂದಿತು, ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು, ಇದು ಒಳ್ಳೆಯದೇ ಆಯಿತು. ಬೆಳಗಿನ ಜಾವದ ಆ ದುಡಿಮೆಯನ್ನು ಹಾಡಿನ ಆಸೆಗಾಗಿ ಹೊಗಳುವವರು ಒಂದು ವಾರ ಬೀಸಿ ನೋಡಲಿ. ಆದರೆ ಕಲ್ಲಿನೊಡನೆ ಹಾಡನ್ನೂ ಮೂಲೆಗೆ ಸರಿಸಬೇಕಾದ ಕಾರಣವೇನೂ ಇಲ್ಲ. ನಮ್ಮ ಜೇವರ್ಗಿ ಕಾಲೋನಿಯಂಥ ಬಡಾವಣೆಗಳಲ್ಲಿ, ಹಳ್ಳಿಯ ಹೊಲಮನೆ ಬಿಟ್ಟು ಮಕ್ಕಳ ಬಳಿಗೆ ಬಂದ ವೃದ್ಧೆಯರು ಎಷ್ಟೋ ಮನೆಗಳಲ್ಲಿದ್ದಾರೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋದ ಬಳಿಕ ಒಬ್ಬರೇ ಉಳಿದವರೂ ಇದ್ದಾರೆ. ಹರೆಯದಲ್ಲಿ ಬೀಸುತ್ತ ಹಾಡಿದ ಕೊನೆಯ ತಲೆಮಾರು ಇವರದು. ಮೊಮ್ಮಕ್ಕಳು ದೂರವಾಣಿಯಲ್ಲಿ 'ಊಟ ಆಯಿತೇನು ಆಯಿ?' ಎಂದು ಕೇಳುವರು. 'ನಿನಗೆ ಬರುವ ಹಾಡು ಯಾವದು?' ಎಂದು ಕೇಳಿದವರು ಕಡಿಮೆ.

ಆದುದರಿಂದ ಜಿಲ್ಲೆಯ ಸಾಹಿತ್ಯಸಂಸ್ಥೆಗಳಿಗೆ ಎರಡು ಕೆಲಸಗಳು ಎದುರಿಗಿವೆ. ಮೊದಲನೆಯದು, ಈ ಹಿರಿಯರ ಹಾಡುಗಳನ್ನು ಅವರ ದನಿಯಲ್ಲಿಯೇ ಧ್ವನಿಮುದ್ರಿಸಿಕೊಳ್ಳುವದು. ಅವರು ಒಪ್ಪಿದರೆ ಪ್ರತಿಯೊಂದು ಹಾಡಿನ ಜೊತೆಗೆ ಹಾಡಿದವಳ ಹೆಸರು, ಊರು, ತವರೂರು ಇವುಗಳನ್ನು ಬರೆದಿಡುವದು. ಒಂದೇ ಬಿರುದಿನ ಕೆಳಗೆ ನೂರು ಕವಿಗಳನ್ನು ಮತ್ತೊಮ್ಮೆ ಮರೆಸುವದು ಬೇಡ. ಎರಡನೆಯದು ವಿಮರ್ಶಕರ ಕೆಲಸ. ಹೆಣ್ಣುಮಗಳ ಹೊಸ ಸಂಕಲನವು ಕೈಗೆ ಬಂದಾಗ 'ಮಹಿಳಾಕಾವ್ಯ' ಎಂದು ನಾಲ್ಕು ಮೆಚ್ಚಿಕೆಯ ಮಾತು ಬರೆದು ಮುಗಿಸದೆ, ಯಾವ ಸಾಲು ಗಟ್ಟಿ, ಯಾವ ಸಾಲು ಜಾಳು ಎಂದು ಕೇರಿ ಹೇಳಬೇಕು. ಹೊಗಳಿಕೆಯ ದಾನದಿಂದ ಯಾವ ಕವಿಯೂ ಬೆಳೆದಿಲ್ಲ. ತನ್ನ ಪದ್ಯವನ್ನು ಒಬ್ಬರು ಮನಸ್ಸಿಟ್ಟು ಓದಿದರೆಂಬದು ತಿಳಿದರೆ, ಬರೆಯುವವಳು ಮುಂದಿನ ಸಾಲನ್ನು ಇನ್ನಷ್ಟು ಎಚ್ಚರದಿಂದ ಬರೆಯುವಳು. ಅಷ್ಟು ಗೌರವವನ್ನು ಸಲ್ಲಿಸಲು ನಮ್ಮ ವಾಚಕರು ಹಿಂಜರಿಯಲಾರರೆಂದು ನಂಬಿದ್ದೇವೆ.